ದಾಕ್ಷಾಯಿಣಿಯ ಬಲಗಾಲು

ಪೇಟೆಗೆ ಹೋಗುವಾಗ ನನ್ನ ಸೊಂಟಕ್ಕೆ ಕಟ್ಟಿದ ಹುರಿಯ ಇನ್ನೊಂದು ತುದಿ ನನ್ನ ಹೆಂಡತಿಯ ಕೈಯಲ್ಲಿರುತ್ತಿತ್ತು. ಬೇರೆ ಊರಿನಿಂದ ಬಂದವರು ಇದನ್ನು ನೋಡಿ ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು ನಗುತ್ತಿದ್ದರು. ನಗಲಿ. ನಮ್ಮೂರಿನಲ್ಲಿ ಮೈಯಲ್ಲಿ ಕೊಬ್ಬಿದ್ದವರು ನೆಲ ಬಿಡುತ್ತಾರೆ, ಇಲ್ಲದವರು ನೆಲದ ಮೇಲೆ ನಡೆಯುತ್ತಾರೆ, ಅಷ್ಟೆ. ನಾನು ಮಾಮೂಲಿ ದಿನಗಳಲ್ಲಿ ಒಂದು ಗೇಣು, ಹಬ್ಬದ ಸಾಲು ಮುಗಿದ ಮೇಲೆ ಮೊಳಕಾಲುದ್ದ ಮೇಲಿರುವ ಆಸಾಮಿ. ಜೇಬಿಗೆ ಕಲ್ಲು ಹಾಕಿಕೊಂಡರೆ ಕಾಲು ನೆಲಕ್ಕೆ ಸಿಗುತ್ತದೆ ನಿಜ, ಆದರೆ ಅಂಗಿ ಹರಿಯುತ್ತದೆ. ಅಂಗಿ ಹರಿದರೆ ಜನ ನನ್ನ ಹತ್ತಿರ ಬರುತ್ತಾರೆ. ನಾನು ದರ್ಜಿ ಗುರುಮಲ್ಲಪ್ಪ. ಕಲ್ಲುಜೇಬು ಹೊಲಿಯುವುದರಲ್ಲಿ ನನ್ನನ್ನು ಬಿಟ್ಟರೆ ಇಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳುವವರೆಗೆ ಕಾಯುವಷ್ಟು ತಾಳ್ಮೆ ನನಗಿಲ್ಲ.

ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ಹುಡುಗ ಗಾಳಿಯವನಾದರೆ ಹುಡುಗಿ ನೆಲದವಳಾಗಿರಬೇಕು, ಹುಡುಗಿ ಗಾಳಿಯವಳಾದರೆ ಹುಡುಗ. ಇಬ್ಬರೂ ಗಾಳಿಯವರಾದರೆ ಸಂಸಾರ ತೊಲೆಗೆ ತಗುಲಿಕೊಂಡು ನಡೆಯುತ್ತದೆ ಎಂದು ಹಿರಿಯರಿಗೆ ಭಯ. ಹಾಗೆ ನೋಡಿ ನೋಡಿ ನನಗೆ ದಾಕ್ಷಾಯಿಣಿಯನ್ನು ತಂದರು. ಅವಳು ನೆಲದವರಲ್ಲೆಲ್ಲ ನೆಲದವಳು. ಕೈಕಾಲಿನ ನರಗಳು ಎದ್ದು ಕಾಣುವಷ್ಟು ತೆಳ್ಳಗೆ, ಕೆನ್ನೆಯಲ್ಲಿ ಚಿವುಟಲು ಏನೂ ಇಲ್ಲ. ಮದುವೆಯ ದಿನ ನನ್ನ ಕಾಲಿನ ಹೆಬ್ಬೆರಳು ಹಿಡಿದು ಕೆಳಗೆ ಎಳೆದು, "ಇನ್ಮೇಲೆ ಸ್ವಲ್ಪ ತಗ್ಗಿ ಬಗ್ಗಿ ನಡೀರಿ" ಅಂದಳು. ಚಪ್ಪರದವರೆಲ್ಲ ನಕ್ಕರು. ನಾನೂ ನಕ್ಕೆ, ಅವತ್ತಿನಿಂದ ನನಗೆ ಅವಳ ಮೇಲೆ ಜೀವ.

ಅವಳ ಹಸಿವಿನ ಬಗ್ಗೆ ಹೇಳದಿದ್ದರೆ ಅವಳ ಬಗ್ಗೆ ಹೇಳಿದ ಹಾಗೆ ಆಗುವುದಿಲ್ಲ. ಬೆಳಿಗ್ಗೆ ಬೋಗುಣಿ ತುಂಬ ಬೆಲ್ಲದ ಅವಲಕ್ಕಿ, ಅದು ಇಳಿಯುವ ಮೊದಲೇ ಬಾಳೆಹಣ್ಣು, ಮಧ್ಯಾಹ್ನ ನನ್ನದಕ್ಕಿಂತ ದೊಡ್ಡ ಅನ್ನದ ಗುಡ್ಡ, ಸಂಜೆ ಸಕ್ಕರೆ ಪಾಕದಂಥ ಟೀ, ಅದರ ಜೊತೆ ಹುರಿಗಡಲೆ ಬೆಲ್ಲ. ಇಷ್ಟೆಲ್ಲ ತಿಂದರೂ ನಮ್ಮವಳು ಎದ್ದು ಕೈ ತೊಳೆಯುವಾಗ ಇನ್ನೂ ಯಾರದೋ ಎಲೆ ನೋಡುತ್ತಿರುತ್ತಾಳೆ. ಆದರೆ ಜಿಡ್ಡು ಮಾತ್ರ ಮುಟ್ಟಳು. ತುಪ್ಪವಿಲ್ಲ, ಬೆಣ್ಣೆಯಿಲ್ಲ, ಎಣ್ಣೆಗೆ ಬಿದ್ದ ತಿಂಡಿಯಿಲ್ಲ. ನೆಲ ಬಿಡಿಸುವುದು ಜಿಡ್ಡು ಒಂದೇ, ಬೆಲ್ಲ ಸಕ್ಕರೆ ಎಷ್ಟು ತಿಂದರೂ ಮನುಷ್ಯ ನೆಲದ ಮೇಲೇ ಇರುತ್ತಾನೆ ಎಂದು ನಮ್ಮೂರಿನವರು ನಂಬಿದ್ದರು. ಅದಕ್ಕೆ ದಾಕ್ಷಾಯಿಣಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಮದುವೆ ಮನೆಗಳಲ್ಲಿ ಅವಳಿಗೆಂದೇ ತುಪ್ಪ ಬೀಳದ ಸಿಹಿ ಪೊಂಗಲನ್ನು ಬೇರೆ ಪಾತ್ರೆಯಲ್ಲಿ ಮಾಡಿ ಬಡಿಸುತ್ತಿದ್ದರು. ಎದುರು ಪಂಕ್ತಿಯವರು ಊಟ ನಿಲ್ಲಿಸಿ ನೋಡುತ್ತಿದ್ದರು.

ಈ ಕಾರಣಕ್ಕೇ ತುಪ್ಪದ ಸಂಘದ ಕೀಲಿಕೈ ಅವಳ ಸೊಂಟಕ್ಕೆ ಬಂದದ್ದು. ಊರಿನ ಬೆಣ್ಣೆಯೆಲ್ಲ ಸಂಘಕ್ಕೆ ಹೋಗುತ್ತದೆ, ಅಲ್ಲಿ ಕಾಯಿಸಿ ಭರಣಿಗಳಲ್ಲಿ ಇಡುತ್ತಾರೆ, ಮನೆಮನೆಗೆ ಅಳೆದು ಕೊಡುತ್ತಾರೆ. ಭರಣಿ ಕೋಣೆಯ ಕೀಲಿಕೈ ಹಿಡಿಯುವವರ ಎರಡು ಕಾಲೂ ನೆಲದ ಮೇಲಿರಬೇಕು ಎಂಬುದು ಸಂಘ ಹುಟ್ಟಿದಾಗಿನ ನಿಯಮ. ನೆಲದ ಮೇಲಿರುವವರು ತುಪ್ಪ ತಿಂದಿಲ್ಲ, ತಿನ್ನದವರು ಕದಿಯುವುದಿಲ್ಲ, ಲೆಕ್ಕಾಚಾರ ಅಷ್ಟು ಸರಳ. ವರ್ಷಕ್ಕೊಮ್ಮೆ ಸಭೆಯಲ್ಲಿ ಕೀಲಿಕೈಯವರನ್ನು ಬರಿಗಾಲಲ್ಲಿ ಹಲಗೆಯ ಮೇಲೆ ನಿಲ್ಲಿಸಿ, ಇಬ್ಬರು ಒಂದು ಬಿಳಿ ದಾರವನ್ನು ಆಚೆ ಈಚೆ ಹಿಡಿದು ಮುಂದಿನಿಂದ ಹಿಂದಕ್ಕೆ ಎಳೆಯುತ್ತಾರೆ. ದಾರ ಬೆರಳಿಗೆ ತಾಗಿ ನಿಂತರೆ ಸರಿ. ಪಾದದ ಅಡಿಯಿಂದ ತೂರಿಕೊಂಡು ಹೋದರೆ ಕೀಲಿಕೈ ಇಳಿಸಬೇಕು. ದಾಕ್ಷಾಯಿಣಿಯ ಬೆರಳಿಗೆ ಪ್ರತಿ ವರ್ಷವೂ ದಾರ ಬಂಡೆಗೆ ತಾಗಿದ ಹಾಗೆ ತಾಗಿ ನಿಲ್ಲುತ್ತಿತ್ತು. ಆ ಕೀಲಿಕೈಯೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಸುಮ್ಮನೆ ಕೂತಾಗಲೂ ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ಆಮೇಲೆ ನನ್ನ ಕಾಲಿಗೂ ನೆಲಕ್ಕೂ ನಡುವೆ ಬೆರಳಿಟ್ಟು ಅಳೆದು, "ರೀ, ನಾಲ್ಕು ಬೆರಳು ಜಾಸ್ತಿಯಾಗಿದೆ. ಎಲ್ಲಿ ತಿಂದ್ರಿ ಬೋಂಡ?" ಎಂದು ಕೇಳುತ್ತಿದ್ದಳು.

ಮೊದಲು ಕಂಡದ್ದು ನನಗೇ. ದರ್ಜಿಯ ಕಣ್ಣು ಬೇರೆ ಎಲ್ಲ ವಿಷಯದಲ್ಲಿ ಮಂಕಾಗಿರಬಹುದು, ಅಂಚಿನ ವಿಷಯದಲ್ಲಿ ಅಲ್ಲ. ಅವಳ ಸೀರೆಯ ಅಂಚು ಬಲಗಡೆ ಸ್ವಲ್ಪ ಮೇಲಿತ್ತು. ಸರಿಯಾಗಿ ಉಟ್ಟುಕೋ ಅಂದೆ. ಮತ್ತೆ ಉಟ್ಟಳು, ಮತ್ತೆ ಮೇಲೆಯೇ. ಚಪ್ಪಲಿ ನೋಡಿದರೆ ಎಡಗಾಲಿನದು ಸವೆದು ಹಾಳೆಯಾಗಿತ್ತು, ಬಲಗಾಲಿನದು ಹೊಸದರ ಹಾಗಿತ್ತು.

"ದಾಕ್ಷಿ, ನಿನ್ನ ಬಲಗಾಲು ನೆಲ ಮುಟ್ಟುತ್ತಿಲ್ಲ" ಅಂದೆ.

"ನಿಮ್ಮ ಕಣ್ಣು ಸೊಟ್ಟ. ಮೇಲಿಂದ ನೋಡಿದ್ರೆ ಎಲ್ಲ ಸೊಟ್ಟಗೇ ಕಾಣುತ್ತೆ."

ಅವಳು ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ಆದರೆ ಆ ವರ್ಷದ ಸಭೆಯಲ್ಲಿ ದಾರ ಎಡಗಾಲಿನ ಬೆರಳಿಗೆ ತಾಗಿ ನಿಂತಿತು, ಬಲಗಾಲಿನ ಕೆಳಗೆ ಸರಾಗವಾಗಿ ತೂರಿಕೊಂಡು ಹಿಮ್ಮಡಿಯಾಚೆ ಬಂತು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇರುವವರನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಸಂಘದ ಅಧ್ಯಕ್ಷ ಮಹಲಿಂಗಯ್ಯನವರು ಒಳ್ಳೆಯ ಮನುಷ್ಯ, ನಿಯಮ ಎಂದರೆ ಹೆದರುವವರು, ಹೆಂಡತಿ ಎಂದರೆ ಅದಕ್ಕಿಂತ ಹೆಚ್ಚು ಹೆದರುವವರು. ಅವರ ಹೆಂಡತಿ ಸರ್ವಮಂಗಳಮ್ಮ ಮುಂದಿನ ಸಾಲಿನಲ್ಲಿ ಕುರ್ಚಿಗೆ ಬಿಗಿದುಕೊಂಡು ಕೂತಿದ್ದರು. ಆಕೆಯನ್ನು ಬಿಗಿಯದಿದ್ದರೆ ಫ್ಯಾನಿಗೆ ಸಿಗುತ್ತಾರೆ.

"ಪೂರ್ತಿ ತಿಂದಿದ್ರೆ ಪೂರ್ತಿ ಏಳ್ತಿದ್ಳು. ಅರ್ಧ ತಿಂದಿದಾಳೆ" ಎಂದು ಸರ್ವಮಂಗಳಮ್ಮ ಪಕ್ಕದವರಿಗೆ ಹೇಳಿದರು, ಪಕ್ಕದವರಿಗೆ ಮಾತ್ರ ಕೇಳುವಂತೇನೂ ಅಲ್ಲ.

ಮಹಲಿಂಗಯ್ಯನವರು ದಾರ ಸುತ್ತುತ್ತ, ಈ ವಿಷಯ ಮುಂದಿನ ಸಭೆಯಲ್ಲಿ ತೀರ್ಮಾನವಾಗಲಿ, ಅಲ್ಲಿಯವರೆಗೆ ಕೀಲಿಕೈ ಸಂಘದ ಮೇಜಿನಲ್ಲಿರಲಿ ಅಂದರು. ದಾಕ್ಷಾಯಿಣಿ ಸೊಂಟದಿಂದ ಅದನ್ನು ಬಿಚ್ಚಿದಳು. ಮನೆಗೆ ಬರುವ ದಾರಿಯಲ್ಲಿ ನನ್ನ ಹುರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದಳು. ಬೋಂಡದ ಅಂಗಡಿ ಬಂದಾಗಲೂ ನನ್ನನ್ನು ಚುಚ್ಚಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಊರಾಚೆಯ ಹಳೆಯ ಗಾಣದ ಕಟ್ಟಡದಲ್ಲಿ ಡಾಕ್ಟರ್ ಫೌಜಿಯಾ ಇದ್ದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೊಬ್ಬಿನ ಮೇಲೆ ಸಂಶೋಧನೆ ಮಾಡಲು ಬಂದಿದ್ದವರು. ಮೈಗೆ ಸೇರಿದ ಜಿಡ್ಡು ಎಲ್ಲಿ ಹೋಗುತ್ತದೆ, ಎಲ್ಲಿ ಕೂರುತ್ತದೆ, ಎಲ್ಲಿ ಕೂತರೆ ಒಳ್ಳೆಯದು, ಎಲ್ಲಿ ಕೂತರೆ ಕೆಟ್ಟದ್ದು, ಇದೇ ಅವರ ಚಿಂತೆ. ಅದಕ್ಕಾಗಿ ಇಲಿ ಸಾಕಿದ್ದರು. ದಪ್ಪ ಇಲಿಗಳು ಗೂಡಿನ ಮೇಲ್ಮುಚ್ಚಳಕ್ಕೆ ಅಂಟಿಕೊಂಡು ಬೆನ್ನು ತರಚಿಕೊಳ್ಳುತ್ತಿದ್ದವು. ಅವುಗಳಿಗೆ ಪುಟ್ಟ ಕಲ್ಲುಜೇಬಿನ ಸೊಂಟಪಟ್ಟಿ ಹೊಲಿದು ಕೊಡಿ ಎಂದು ನನ್ನನ್ನು ಕರೆಸಿದ್ದರು. ಇಲಿಯ ಸೊಂಟದ ಅಳತೆ ತೆಗೆದ ದರ್ಜಿ ಎಂದು ಪೇಟೆಯಲ್ಲಿ ನನ್ನನ್ನು ಸಾಕಷ್ಟು ಆಡಿಕೊಂಡಿದ್ದಾರೆ. ಅಲ್ಲಿ ಒಂದು ಗೂಡಿನಲ್ಲಿ ಹುಟ್ಟುವಾಗಲೇ ಚರ್ಮದಡಿ ಕೊಬ್ಬಿಲ್ಲದ ಇಲಿಗಳಿದ್ದವು. ಒಣಗಿದ ಕಡ್ಡಿಯಂಥವು, ಸದಾ ತಿನ್ನುತ್ತಿದ್ದಂಥವು. ಅವು ಬಲಪಕ್ಕೆ ಮೇಲಾಗಿ ಓರೆಯಾಗಿ ಓಡಾಡುತ್ತಿದ್ದುದನ್ನು ನಾನು ನೋಡಿದ್ದೆ. ಅದು ನೆನಪಾಗಿ ಮರುದಿನವೇ ದಾಕ್ಷಾಯಿಣಿಯನ್ನು ಕರೆದುಕೊಂಡು ಹೋದೆ. ಇಲಿ ನೆನಪಾಗಿ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಅವಳಿಗೆ ಹೇಳಲಿಲ್ಲ, ಅಷ್ಟು ಬುದ್ಧಿ ನನಗಿದೆ.

ಫೌಜಿಯಾ ಅವಳನ್ನು ಮಲಗಿಸಿ ಬಲಪಕ್ಕೆಯ ಕೆಳಗೆ ಒತ್ತಿ ನೋಡಿದರು, ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ತೋಳಿನಿಂದ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದರು. ನಾವು ಟೀ ಕುಡಿದು ಮುಗಿಸುವಷ್ಟರಲ್ಲಿ ರಕ್ತ ಕೆಳಗಿಳಿದು ಮೇಲೆ ಬೆಳ್ಳಗೆ ಒಂದು ಪದರ ಕಟ್ಟಿತ್ತು, ಕಾಯಿಸಿ ಆರಿದ ಹಾಲಿನ ಕೆನೆಯ ಹಾಗೆ.

ದಾಕ್ಷಾಯಿಣಿ ನಳಿಕೆಯನ್ನು ಕಣ್ಣಿನ ಹತ್ತಿರ ತಂದಳು. "ಡಾಕ್ಟ್ರಮ್ಮ, ದೇವರಾಣೆಗೂ ನಾನು ತುಪ್ಪ ಮುಟ್ಟಿಲ್ಲ. ಇದು ಯಾರ ಕೆನೆ?"

"ನಿಮ್ದೇ ಅಮ್ಮ. ನೀವು ತಿಂದಿದ್ದಲ್ಲ, ನೀವೇ ಮಾಡಿದ್ದು. ಬೆಲ್ಲ, ಸಕ್ಕರೆ, ಅನ್ನ, ಅವಲಕ್ಕಿ ಜಾಸ್ತಿಯಾದ್ರೆ ಲಿವರ್ ಅದನ್ನೇ ಕೊಬ್ಬು ಮಾಡುತ್ತೆ."

"ಬೆಲ್ಲದಿಂದ ಕೊಬ್ಬಾ?" ಎಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು.

"ಹೌದು. ಆಮೇಲೆ ಅದನ್ನ ಇಡೋಕೆ ಜಾಗ ಬೇಕಲ್ಲ? ಧಾನ್ಯಕ್ಕೆ ಕಣಜ ಇರೋ ಹಾಗೆ. ನಿಮ್ಮ ಯಜಮಾನ್ರಿಗೆ ಚರ್ಮದ ಕೆಳಗೆ ಒಳ್ಳೆ ದೊಡ್ಡ ಕಣಜ ಇದೆ."

"ಗೊತ್ತು" ಅಂದಳು ದಾಕ್ಷಾಯಿಣಿ.

"ನಿಮಗೆ ಹುಟ್ಟಿನಿಂದ ಕಣಜವೇ ಇಲ್ಲ. ಬಂದಿದ್ದನ್ನೆಲ್ಲ ಅಡುಗೆಮನೇಲೇ ಸುರೀತಾ ಹೋದ್ರೆ ಏನಾಗುತ್ತೆ? ನಿಮ್ಮ ಲಿವರ್ ಈಗ ಹಾಗಾಗಿದೆ. ಅದು ಬಲಗಡೆ ಇರೋದು, ಅದಕ್ಕೇ ಬಲಪಕ್ಕೆ ಏಳ್ತಿದೆ. ಇನ್ನೊಂದು ವಿಷ್ಯ. ಹೊಟ್ಟೆ ತುಂಬಿತು, ಇನ್ನು ಸಾಕು ಅಂತ ತಲೆಗೆ ಸುದ್ದಿ ಕಳಿಸೋದೂ ಆ ಚರ್ಮದ ಕೆಳಗಿನ ಕೊಬ್ಬೇ. ನಿಮಗೆ ಆ ಸುದ್ದಿ ಯಾವತ್ತೂ ಬಂದೇ ಇಲ್ಲ."

"ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ಲ ಅಲ್ವಾ?" ಅಂದಳು ದಾಕ್ಷಾಯಿಣಿ. ಇಷ್ಟು ವರ್ಷ ನಾವು ಹೆಮ್ಮೆ ಎಂದುಕೊಂಡಿದ್ದ ಆ ಊಟವನ್ನು ಅವಳು ಒಳಗೊಳಗೇ ನಾಚಿಕೊಂಡು ತಿನ್ನುತ್ತಿದ್ದಳು ಎಂದು ನನಗೆ ತಿಳಿದದ್ದು ಆ ಒಂದು ಮಾತಿನಿಂದ.

ಆ ನಳಿಕೆಯನ್ನು ಜನರಿಗೆ ತೋರಿಸಿದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ನನ್ನ ಲೆಕ್ಕಗಳು ಬಟ್ಟೆಯ ಮೇಲೆ ಮಾತ್ರ ಸರಿ ಬರುತ್ತವೆ. ಡಾಕ್ಟರನ್ನು ಕಾಡಿಬೇಡಿ ನಳಿಕೆ ತಂದು ಮಹಲಿಂಗಯ್ಯನವರ ಮನೆಯ ಜಗಲಿಯಲ್ಲಿ ಇಟ್ಟು ಕಣಜದ ಕಥೆ ಹೇಳತೊಡಗಿದೆ. ಸರ್ವಮಂಗಳಮ್ಮ ತೇಲಿಕೊಂಡು ಬಂದು ಅದನ್ನು ಎತ್ತಿ ಬೆಳಕಿಗೆ ಹಿಡಿದು, ಕೆನೆ ಕಂಡು, ಒಳಗಿನಿಂದ ಸೊಸೆಯನ್ನೂ ಕರೆದರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು: ದಾಕ್ಷಾಯಿಣಿಯ ರಕ್ತದಲ್ಲಿ ಸಂಘದ ತುಪ್ಪ ಸಿಕ್ಕಿದೆ, ಸ್ವತಃ ಗಂಡನೇ ತಂದು ಒಪ್ಪಿಸಿದ್ದಾನೆ. ಬೆಲ್ಲದಿಂದ ಕೊಬ್ಬಾಗುತ್ತದೆ ಎಂಬ ಮಾತನ್ನು ಯಾರಿಗೆ ಹೇಳಿದರೂ ಅವರು ಕೈಯಲ್ಲಿದ್ದ ಮೈಸೂರುಪಾಕು ಕೆಳಗಿಡದೆ ನಗುತ್ತಿದ್ದರು. ಅವರ ದೃಷ್ಟಿಯಲ್ಲಿ ಅದರೊಳಗಿನ ತುಪ್ಪ ಮಾತ್ರ ತಪ್ಪಿತಸ್ಥ.

ಮನೆಯಲ್ಲಿ ಸಿಹಿ ನಿಂತಿತು, ಅನ್ನ ಅಳತೆಗೆ ಬಂತು. ಹಸಿವು ಮಾತ್ರ ಅಳತೆಗೆ ಬರಲಿಲ್ಲ. ಅವಳು ಸೌತೆಕಾಯಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ನಾನು ಅವಳ ಎದುರು ತಿನ್ನಲಾರದೆ ಅಂಗಡಿಯಲ್ಲಿ ತಿಂದು ಬರುತ್ತಿದ್ದೆ, ಬಂದ ಮೇಲೆ ಬೆರಳಿಟ್ಟು ಅಳೆಸಿಕೊಳ್ಳುತ್ತಿದ್ದೆ. ರಕ್ತದ ಕೆನೆ ತುಸು ತೆಳುವಾಯಿತೇ ಹೊರತು ಬಲಪಕ್ಕೆ ಇಳಿಯಲಿಲ್ಲ. ಕಣ್ಣಿನ ಬಿಳಿ ಹಳದಿಗೆ ತಿರುಗತೊಡಗಿತು. ಆಗ ಫೌಜಿಯಾ ನಮ್ಮಿಬ್ಬರನ್ನೂ ಕೂರಿಸಿಕೊಂಡು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದರು. ಕೊಬ್ಬಿಲ್ಲದ ಇಲಿಗೆ ಕೊಬ್ಬಿರುವ ಇಲಿಯ ಕೊಬ್ಬಿನ ಒಂದು ಚೂರನ್ನು ತೆಗೆದು ಚರ್ಮದಡಿ ಇಟ್ಟರೆ ಆ ಚೂರು ಅಲ್ಲೇ ಬದುಕಿಕೊಳ್ಳುತ್ತದೆ, ಲಿವರಿನಲ್ಲಿ ಕೂತದ್ದು ಮೆಲ್ಲಗೆ ಎದ್ದು ಅಲ್ಲಿಗೆ ಬರುತ್ತದೆ, ಇಲಿಯ ಹಸಿವೂ ತಗ್ಗುತ್ತದೆ.

"ಮನುಷ್ಯರಲ್ಲಿ ನಾನು ಮಾಡಿಲ್ಲ. ಇಲಿಗಳಲ್ಲೂ ಎಲ್ಲ ಬದುಕಲಿಲ್ಲ. ಇದನ್ನ ಮುಚ್ಚಿಟ್ಟು ನಿಮ್ಮನ್ನ ಒಪ್ಪಿಸೋಕೆ ನನಗೆ ಇಷ್ಟ ಇಲ್ಲ. ಆ ಚೂರನ್ನ ರಕ್ತ ಹೊಂದೋರು ಕೊಡಬೇಕು" ಅಂದರು.

ನಮ್ಮ ಜಾತಕ ಹೊಂದಿರಲಿಲ್ಲ, ಕಾಲು ನೋಡಿ ಮದುವೆ ಮಾಡಿದ್ದರು. ರಕ್ತ ಪರೀಕ್ಷೆ ಮಾಡಿದರೆ ಅದು ಹೇಳಿ ಮಾಡಿಸಿದ ಹಾಗೆ ಹೊಂದಿತು. ಕೊಡಲು ನನ್ನ ಹತ್ತಿರ ಬೇಕಾದಷ್ಟಿತ್ತು. ಜೀವನದಲ್ಲಿ ಮೊದಲ ಸಲ ನನ್ನ ಹೊಟ್ಟೆಯನ್ನು ತಟ್ಟಿಕೊಂಡು ಹೆಮ್ಮೆಪಟ್ಟೆ. ಆದರೆ ದಾಕ್ಷಾಯಿಣಿ ಒಪ್ಪಲಿಲ್ಲ.

"ಆಮೇಲೆ ನಾನೂ ನೆಲ ಬಿಡ್ತೀನಿ ಅಲ್ವಾ ಡಾಕ್ಟ್ರಮ್ಮ?"

"ಸ್ವಲ್ಪ. ಆದ್ರೆ ಸಮವಾಗಿ."

"ಎರಡು ಕಾಲೂ ಎದ್ರೆ ಊರವರು ಏನಂತಾರೆ? ಪೂರ್ತಿ ತಿಂದ್ಲು ಅಂತಾರೆ. ಕೀಲಿಕೈ ಹೋಯ್ತು, ಅದರ ಹಿಂದೆ ಹೆಸರೂ ಹೋಗುತ್ತೆ. ಬೇಡ. ಕಳ್ಳಿ ಅನ್ನಿಸ್ಕೊಂಡು ಬದುಕೋದಕ್ಕಿಂತ ಸೊಟ್ಟಗೇ ಸಾಯ್ತೀನಿ."

ನಾನು ಬೈದೆ, ಬೇಡಿಕೊಂಡೆ, ಎರಡು ದಿನ ಮಾತು ಬಿಟ್ಟು ನೋಡಿದೆ. ಅವಳ ಜೊತೆ ಮಾತು ಬಿಡುವುದು ನನಗೆ ಉಪವಾಸಕ್ಕಿಂತ ಕಷ್ಟ, ಮೂರನೆಯ ದಿನ ನಾನೇ ಸೋತೆ. ಅವಳು ಜಗ್ಗಲಿಲ್ಲ.

ಆಮೇಲೆ ಪೇಟೆಯಲ್ಲಿ ಆ ಘಟನೆ ನಡೆಯಿತು. ಬಳೆ ಅಂಗಡಿಯ ಮುಂದೆ ಜೋರು ಗಾಳಿ ಬೀಸಿತು. ಬೇರೆ ದಿನವಾಗಿದ್ದರೆ ದಾಕ್ಷಾಯಿಣಿ ಗೂಟದ ಹಾಗೆ ನಿಂತು ನನ್ನನ್ನು ಎಳೆದುಕೊಳ್ಳುತ್ತಿದ್ದಳು. ಅವತ್ತು ಅವಳ ಬಲಪಕ್ಕೆ ಗಾಳಿಗೆ ಸಿಕ್ಕಿ, ಎಡಗಾಲು ಜಾರಿ, ಅವಳು ಒಂದು ಸುತ್ತು ತಿರುಗಿದಳು. ಹುರಿ ಕೈ ಬಿಟ್ಟಿತು. ನಾನು ಗಾಳಿ ಹೋದ ಕಡೆ ಹೋದೆ. ಬಳೆ ಅಂಗಡಿಯ ತಗಡಿನ ಸೂರು ದಾಟಿ, ಮಾವಿನ ಮರದ ಕೊಂಬೆಗೆ ಸಿಕ್ಕಿಕೊಳ್ಳದಿದ್ದರೆ ಎಲ್ಲಿಗೆ ಹೋಗುತ್ತಿದ್ದೆನೋ ಗೊತ್ತಿಲ್ಲ. ಕೊಂಬೆ ತಬ್ಬಿಕೊಂಡು ಕೆಳಗೆ ನೋಡಿದರೆ ದಾಕ್ಷಾಯಿಣಿ ಓರೆಯಾಗಿ, ಒಂದು ಕಾಲಲ್ಲಿ ಕುಂಟಿಕೊಂಡು, ಎರಡೂ ಕೈ ಮೇಲೆ ಚಾಚಿ ಓಡಿ ಬರುತ್ತಿದ್ದಳು. ಬಾಯಲ್ಲಿ ಬೈಗುಳ, ಕಣ್ಣಲ್ಲಿ ನೀರು. ಜನ ಏಣಿ ತಂದು ನನ್ನನ್ನು ಇಳಿಸಿದರು. ಒಂದು ಜೇಬಿನ ತುಂಡಿನಷ್ಟು ಚರ್ಮ ತರಚಿತ್ತು, ಅಷ್ಟೆ.

ಮನೆಗೆ ಬಂದು ಗಾಯಕ್ಕೆ ಅರಿಶಿನ ಹಚ್ಚುತ್ತ ಅವಳು ಅಂದಳು, "ನಾನು ಹೋದ್ರೆ ನಿಮ್ಮನ್ನ ಹಿಡ್ಕೊಳ್ಳೋರು ಯಾರೂ ಇಲ್ಲ ಅಲ್ವಾ?"

"ಯಾರೂ ಇಲ್ಲ" ಅಂದೆ.

"ಹಾಗಾದ್ರೆ ಕೊಡಿ. ಊರವರು ಏನಾದ್ರೂ ಅನ್ಕೊಳ್ಳಲಿ."

ಚಿಕಿತ್ಸೆಯ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಸೂಜಿ ಕಂಡ ತಕ್ಷಣ ನಾನು ಎಚ್ಚರ ತಪ್ಪಿದೆ. ಜೀವನವಿಡೀ ಸೂಜಿ ಹಿಡಿದವನ ಅವಸ್ಥೆ ಇದು. ನನ್ನ ಹೊಟ್ಟೆಯಿಂದ ತೆಗೆದುದನ್ನು ಅವಳ ಹೊಟ್ಟೆಯ ಮೇಲೂ ಬೆನ್ನಿನ ಕೆಳಗೂ ಚರ್ಮದಡಿ ಇಟ್ಟು ಹೊಲಿದಿದ್ದರು. ಹೊಲಿಗೆಯನ್ನು ಆಮೇಲೆ ಪರೀಕ್ಷಿಸಿದೆ, ಅಂತರ ಸಮನಾಗಿತ್ತು. ಮೊದಲ ಕೆಲವು ದಿನ ಅವಳಿಗೆ ಜ್ವರ ಏರಿತು. ಫೌಜಿಯಾ ಮನೆಗೆ ಹೋಗದೆ ಅವಳ ಮಂಚದ ಪಕ್ಕದಲ್ಲೇ ಕೂತರು. ಅವರ ಮುಖದಲ್ಲಿ ನನ್ನ ಮುಖಕ್ಕಿಂತ ಹೆಚ್ಚು ಭಯವಿತ್ತು. ಬದುಕದೆ ಹೋದ ಇಲಿಗಳ ನೆನಪು ನಮ್ಮಿಬ್ಬರಿಗೂ ಬರುತ್ತಿತ್ತು. ಆಮೇಲೆ ಜ್ವರ ಇಳಿಯಿತು. ವಾರಗಳು ಹೋದ ಹಾಗೆ ಕಣ್ಣಿನ ಹಳದಿ ಹೋಯಿತು, ನಳಿಕೆಯ ರಕ್ತದ ಮೇಲೆ ಕೆನೆ ಕಟ್ಟುವುದು ನಿಂತಿತು. ಅವಳ ಕೆನ್ನೆ ಮೊದಲಿನ ಹಾಗೆ ಬತ್ತಿಯೇ ಇತ್ತು, ಆದರೆ ಹೊಟ್ಟೆಯ ಮೇಲೆ ಒಂದು ಸಣ್ಣ ಮಡಿಕೆ ಬಂತು. ಅದನ್ನು ನೋಡಿದಾಗಲೆಲ್ಲ ನನಗೆ ಪರಿಚಯದವರನ್ನು ಕಂಡ ಹಾಗಾಗುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರನ್ನ ಹಾಕಲು ಹೋದೆ. ಅವಳು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು" ಅಂದಳು. ಅಂದವಳೇ ಬೆಚ್ಚಿದಳು. ಮತ್ತೊಮ್ಮೆ, ಹೊಸ ಸೀರೆಯ ಸೆರಗನ್ನು ಹೊದ್ದು ನೋಡುವವರ ಹಾಗೆ, ಮೆಲ್ಲಗೆ "ಸಾಕು ರೀ" ಅಂದಳು. ನಾನು ಸೌಟು ಹಿಡಿದುಕೊಂಡೇ ಅತ್ತೆ. ನಾಚಿಕೆಯಿಲ್ಲದೆ ಅತ್ತೆ. ಒಂದು ಹೆಣ್ಣು ಬಾಳಿನಲ್ಲಿ ಮೊದಲ ಸಲ ಹೊಟ್ಟೆ ತುಂಬಿ ಊಟದಿಂದ ಎದ್ದಿದ್ದಳು. ಎದ್ದ ಮೇಲೆ ನೆಲದಿಂದ ಎರಡು ಬೆರಳು ಮೇಲಿದ್ದಳು, ಎರಡೂ ಕಾಲು ಸಮ.

ಸಭೆ ಹತ್ತಿರ ಬಂತು. ಹಿಂದಿನ ದಿನ ಮಹಲಿಂಗಯ್ಯನವರು ಛತ್ರಿ ಅಡ್ಡ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬಿಸಿಲೂ ಇರಲಿಲ್ಲ, ಮಳೆಯೂ ಇರಲಿಲ್ಲ. ದಾಕ್ಷಾಯಿಣಿ ಇಲ್ಲದೆ ಭರಣಿ ಕೋಣೆ ಹಾಳಾಗಿದೆ, ಬೇರೆಯವರು ಕಾಯಿಸಿದರೆ ತುಪ್ಪ ಸೀಯುತ್ತಿದೆ, ಅಳತೆಯಲ್ಲಿ ದಿನಾ ಜಗಳ ಎಂದು ಸಂಕಟ ಹೇಳಿಕೊಂಡರು.

"ತಾಯಿ, ನೀವು ತಿಂದೋರಲ್ಲ ಅಂತ ನನ್ನ ಮನಸ್ಸಿಗೆ ಗೊತ್ತು. ಆದ್ರೆ ನಿಯಮ ನಿಯಮವೇ. ಒಳಗಡೆ ಎರಡು ಕಲ್ಲು ಕಟ್ಕೊಂಡು ಬನ್ನಿ. ದಾರ ಬೆರಳಿಗೆ ತಾಗುತ್ತೆ, ಕೀಲಿಕೈ ನಿಮ್ಮ ಸೊಂಟಕ್ಕೆ ಬರುತ್ತೆ, ಊರವರ ಬಾಯಿ ಮುಚ್ಚುತ್ತೆ. ಗುರುಮಲ್ಲಪ್ಪ ಇದಾರಲ್ಲ, ಹೊಲೀತಾರೆ."

ದಾಕ್ಷಾಯಿಣಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವರು ಹೋದ ಮೇಲೆ ನಾನು ಕೇಳದೆಯೇ ಕೂತು ಹೊಲಿದೆ. ಒಳಲಂಗದ ಅಂಚಿನಲ್ಲಿ ಎಡಕ್ಕೊಂದು, ಬಲಕ್ಕೊಂದು, ಯಾರ ಕಣ್ಣಿಗೂ ಬೀಳದ ಕಲ್ಲುಜೇಬು. ಸತ್ಯವಾಗಿ ಹೇಳುತ್ತೇನೆ, ಅಷ್ಟು ನಾಜೂಕಾದ ಕೆಲಸ ನಾನು ಅದಕ್ಕೆ ಮುಂಚೆಯೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಆ ಕೀಲಿಕೈ ಅವಳಿಗೆ ಮತ್ತೆ ಸಿಗಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು, ಸರಿ ತಪ್ಪು ಯೋಚಿಸಲಿಲ್ಲ. ಅವಳು ಅದನ್ನು ಉಟ್ಟುಕೊಂಡೇ ಸಭೆಗೆ ಬಂದಳು.

ಸಂಘದ ಹಜಾರ ತುಂಬಿತ್ತು. ಗಾಳಿಯವರನ್ನೆಲ್ಲ ಬೆಂಚುಗಳಿಗೆ ಬಿಗಿದಿದ್ದರು, ನಾನೊಬ್ಬ ಹಲಗೆಯ ಪಕ್ಕದ ಕಂಬ ಹಿಡಿದುಕೊಂಡು ನಿಂತಿದ್ದೆ. ಸರ್ವಮಂಗಳಮ್ಮ ಮುಂದಿನ ಸಾಲಿನಲ್ಲೇ ಇದ್ದರು, ಫೌಜಿಯಾ ಹಿಂದೆ ಬಾಗಿಲ ಹತ್ತಿರ ನಿಂತಿದ್ದರು. ದಾಕ್ಷಾಯಿಣಿ ಚಪ್ಪಲಿ ಬಿಟ್ಟು ಹಲಗೆ ಹತ್ತಿದಳು. ದಾರ ಬಂತು. ಎರಡೂ ಪಾದದ ಬೆರಳಿಗೆ ತಾಗಿ ನಿಂತಿತು.

"ತಾಗಿತು" ಎಂದು ಮಹಲಿಂಗಯ್ಯನವರು ಎಲ್ಲರಿಗೂ ಕೇಳುವಂತೆ ಹೇಳಿ, ಹಣೆಯ ಬೆವರು ಒರೆಸಿಕೊಂಡು, ಮೇಜಿನಿಂದ ಕೀಲಿಕೈ ತೆಗೆದು ಅವಳ ಮುಂದೆ ಹಿಡಿದರು. ಅವಳ ಕೈ ಅದರ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಅವಳು ನನ್ನ ಕಡೆ ತಿರುಗಿದಳು.

"ರೀ, ಕತ್ತರಿ ಕೊಡಿ."

ದರ್ಜಿಯ ಜೇಬಿನಲ್ಲಿ ಕತ್ತರಿ ಇಲ್ಲದೆ ಇರುತ್ತದೆಯೇ? ಇಲ್ಲ ಎಂದು ಹೇಳಬಹುದಿತ್ತು. ಕೊಟ್ಟೆ. ಅವಳು ಬಗ್ಗಿ, ಸೀರೆಯ ಅಂಚನ್ನು ಎರಡೇ ಬೆರಳು ಸರಿಸಿ, ನನ್ನ ಆ ನಾಜೂಕಾದ ಹೊಲಿಗೆಯನ್ನು ಕಚಕ್ಕೆಂದು ಕತ್ತರಿಸಿದಳು. ಎಡಕ್ಕೊಂದು ಕಲ್ಲು ಬಿತ್ತು, ಬಲಕ್ಕೊಂದು ಕಲ್ಲು ಬಿತ್ತು. ದಾಕ್ಷಾಯಿಣಿ ಹಲಗೆಯಿಂದ ಎರಡು ಬೆರಳು ಮೇಲೆದ್ದು ನೆಟ್ಟಗೆ ನಿಂತಳು.

"ಈಗ ಎಳೀರಿ ದಾರ."

ಯಾರೂ ಎಳೆಯಲಿಲ್ಲ. ಎಳೆಯುವ ಅಗತ್ಯವೂ ಇರಲಿಲ್ಲ, ಹಿಂದಿನ ಬೆಂಚಿನವರೆಗೂ ಕಾಣುತ್ತಿತ್ತು.

"ನೋಡಿದ್ರಾ? ತಿಂದಿದ್ದು ನಿಜ ಅಂದ ಹಾಗಾಯ್ತಲ್ಲ" ಅಂದರು ಸರ್ವಮಂಗಳಮ್ಮ.

"ತಿಂದಿದ್ದು ನಿಜ ಅಮ್ಮ. ನಾನಲ್ಲ, ಇವರು" ಎಂದು ದಾಕ್ಷಾಯಿಣಿ ನನ್ನ ಕಡೆ ಬೆರಳು ತೋರಿಸಿದಳು. ಹಜಾರವೆಲ್ಲ ನನ್ನ ಹೊಟ್ಟೆಯನ್ನು ನೋಡಿತು. "ಮದುವೆಯಾದಾಗಿಂದ ನಾನು ಬೈತಾನೇ ಇದ್ದೆ, ಇವರು ತಿಂತಾನೇ ಇದ್ರು. ತಿಂದು ಮೈಯಲ್ಲಿ ಕೂಡಿಟ್ಟಿದ್ರಲ್ಲಿ ನಂಗೊಂದು ಪಾಲು ತೆಗೆದುಕೊಟ್ರು. ಡಾಕ್ಟ್ರಮ್ಮ ಹೊಲಿದ್ರು. ಅದ್ರಿಂದ ನಾನು ಬದುಕಿದೀನಿ. ಇದು ನಂಗೆ ಕೊಟ್ಟಿದ್ದು, ಕದ್ದಿದ್ದಲ್ಲ. ಆದ್ರೆ ಕಲ್ಲು ಕಟ್ಟಿ ಮುಚ್ಚಿಟ್ಕೊಂಡ್ರೆ ಕದ್ದ ಹಾಗೇ ಆಗುತ್ತೆ. ಇಷ್ಟು ವರ್ಷ ನಿಮ್ಮ ಒಂದು ಹನಿ ತುಪ್ಪ ಕದಿಯದೋಳು, ನನ್ನ ಗಂಡ ಕೊಟ್ಟಿದ್ದನ್ನ ಯಾಕೆ ಕದೀಲಿ?"

ಸರ್ವಮಂಗಳಮ್ಮನವರು ಗಂಡನ ಮುಖ ನೋಡಿದರು. ಮಹಲಿಂಗಯ್ಯನವರ ಕೈಯಲ್ಲಿ ಕೀಲಿಕೈ ಇನ್ನೂ ಚಾಚಿದಂತೆಯೇ ಇತ್ತು. "ತಾಯಿ, ತಗೊಳ್ಳಿ" ಅಂದರು, ದನಿಯಲ್ಲಿ ಅಧ್ಯಕ್ಷರ ಗತ್ತು ಇರಲಿಲ್ಲ.

"ಕಾಲು ನೋಡಿ ಕೊಡೋದಾದ್ರೆ ಬೇಡ ಸ್ವಾಮಿ. ಆ ನಿಯಮ ತಿದ್ದಿದ ದಿನ ಮನೆಗೆ ತಂದ್ಕೊಡಿ, ತುಪ್ಪ ಕಾಯಿಸೋಕೆ ಬರ್ತೀನಿ."

ಅವಳು ಹಲಗೆಯಿಂದ ಇಳಿದಳು. ಇಳಿದಳು ಎಂದರೆ ಹಲಗೆಯ ಮೇಲಿನ ಗಾಳಿಯಿಂದ ನೆಲದ ಮೇಲಿನ ಗಾಳಿಗೆ ಬಂದಳು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೆಂಚುಗಳ ನಡುವೆ ನಡೆದು ಬಾಗಿಲವರೆಗೆ ಹೋದಳು. ಎಲ್ಲರೂ ದಾರಿ ಬಿಟ್ಟರು. ಅವಳು ಆ ಕೀಲಿಕೈಯನ್ನು ಎಷ್ಟು ಆಸೆಯಿಂದ ಒರೆಸುತ್ತಿದ್ದಳು ಎಂಬುದು ಆ ಹಜಾರದಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಅದಕ್ಕೇ ನಾನು ಕಂಬ ಬಿಡದೆ ನಿಂತಲ್ಲೇ ನಿಂತುಬಿಟ್ಟಿದ್ದೆ.

ಅವಳು ಹೊಸ್ತಿಲ ಹತ್ತಿರ ತಿರುಗಿ ನೋಡಿ ಅಂದಳು, "ಏನ್ರೀ, ಅಲ್ಲೇ ನಿಂತ್ರಿ? ನಿಮ್ಮದೊಂದು ಪಾಲು ಆಗಲೇ ಮನೆಗೆ ಹೊರಟಿದೆ. ಉಳಿದಿದ್ದನ್ನೂ ಕರ್ಕೊಂಡು ಬನ್ನಿ."